ಸಿಂಹಳದ ಕುಶಲಕರ್ಮಿಯನ್ನು ಕುರಿತ ಒಂದು ಗ್ರಂಥ

ಅಡಕತ್ತರಿ, ಸುಣ್ಣದ ಡಬ್ಬಿ, ಚಾಪೆ, ಮಣ್ಣಿನ ಕೂಜೆ ಇವುಗಳನ್ನು ಕುರಿತು ವಿದ್ವಾಂಸರೊಬ್ಬರು ಬೃಹದ್ಗ್ರಂಥವನ್ನು ರಚಿಸಿದರೆಂದರೆ ನಮ್ಮಲ್ಲಿ ಕೆಲವರಾದರೂ ನಕ್ಕಾರು. ಕಲೆಯೆಂದೊಡನೆ ನಮ್ಮ ಮನಸ್ಸು ಬೇಲೂರಿನ ಮದನಿಕೆಯರ ಕಡೆಗೋ ಅಜಂತೆಯ ಭಿತ್ತಿಗಳ ಕಡೆಗೋ ಹರಿಯುವುದೇ ಹೊರತು, ಅಜ್ಜಿಯ ಎಲೆಯಡಕೆಯ ತಟ್ಟೆಯ ಕಡೆಗೆ ತಿರುಗುವುದಿಲ್ಲ. ಆ ತಟ್ಟೆಯನ್ನೂ ಗೌರವದಿಂದ ನೋಡುವಂತೆ ವಿದ್ಯಾವಂತರಿಗೆ ಕಲಿಸಿದ ಗ್ರಂಥಗಳಲ್ಲಿ, 1908ರಲ್ಲಿ ಪ್ರಕಟವಾದ ಆನಂದ ಕುಮಾರಸ್ವಾಮಿಯವರ ‘ಮೀಡೀವಲ್ ಸಿಂಹಲೀಸ್ ಆರ್ಟ್’ ಎಂಬುದು ಮುಖ್ಯವಾದುದು.

ಗ್ರಂಥಕರ್ತರು 1877ರಲ್ಲಿ ಕೊಲಂಬೋ ನಗರದಲ್ಲಿ ಜನಿಸಿದರು. ತಂದೆ ತಮಿಳರು, ತಾಯಿ ಆಂಗ್ಲೇಯರು. ಬೆಳೆದುದು, ವ್ಯಾಸಂಗ ಮಾಡಿದುದು ಇಂಗ್ಲೆಂಡಿನಲ್ಲಿ, ಕಲಿತದ್ದು ಭೂಗರ್ಭಶಾಸ್ತ್ರ. ಸಿಂಹಳದ ಖನಿಜ ಪರಿಶೋಧನೆಯ ಅಧಿಕಾರಿಯಾಗಿ ಊರೂರು ತಿರುಗುತ್ತಿದ್ದಾಗ, ಕಲ್ಲನ್ನು ಅರಸಿ ಹೋದ ಅವರಿಗೆ ಕಲ್ಲುಕುಟಿಗನೂ ಅಕ್ಕಸಾಲೆಯೂ ನೇಯ್ಗೆಯವನೂ ಕಣ್ಣಿಗೆ ಬಿದ್ದರು. ಅವರ ಮನೆಗಳಲ್ಲಿ ಕಂಡ ವಸ್ತುಗಳ ಛಾಯಾಚಿತ್ರಗಳನ್ನು ತೆಗೆದವರು ಪತ್ನಿ ಎಥೆಲ್. ಗ್ರಂಥದ ಮುದ್ರಣವಾದರೋ ವಿಲಿಯಂ ಮಾರಿಸನು ಚಾಸರ್ ಕವಿಯ ಕೃತಿಗಳನ್ನು ಅಚ್ಚು ಮಾಡಿದ್ದ ಕೈಯಚ್ಚಿನ ಯಂತ್ರದಲ್ಲಿಯೇ ನಡೆಯಿತು. 1907ರ ಸೆಪ್ಟೆಂಬರಿನಲ್ಲಿ ಆರಂಭವಾದ ಕೆಲಸ ಮುಗಿದುದು ಮರುವರ್ಷದ ಡಿಸೆಂಬರಿನಲ್ಲಿ. ಹೊರಬಂದ ಪ್ರತಿಗಳು 425. ಬಡ ಕಸಬುದಾರನ ಪರವಾಗಿ ವಾದಿಸುವ ಗ್ರಂಥವು ಹೀಗೆ ಕೆಲವೇ ಶ್ರೀಮಂತರ ಕಪಾಟನ್ನು ಸೇರುವಂತಾದುದು ಒಂದು ವಿಪರ್ಯಾಸವೇ ಸರಿ.

ಈ ಗ್ರಂಥದ ವಿಶೇಷವೆಂದರೆ ವಸ್ತುವಿಗಿಂತ ಮೊದಲು ಸಮಾಜವನ್ನು ವರ್ಣಿಸುವುದು. 1815ರಲ್ಲಿ ಕ್ಯಾಂಡಿಯ ರಾಜ್ಯವು ಆಂಗ್ಲರ ವಶವಾಗುವವರೆಗೆ ಅಲ್ಲಿನ ಕುಶಲಕರ್ಮಿಗೆ ಗದ್ದೆಯ ಉಂಬಳಿಯಿತ್ತು. ಅದಕ್ಕೆ ಪ್ರತಿಯಾಗಿ ಅರಮನೆಗೋ ದೇವಾಲಯಕ್ಕೋ ಅವನು ತನ್ನ ಕಸಬಿನಿಂದ ಸೇವೆ ಸಲ್ಲಿಸಬೇಕಾಗಿತ್ತು. ಹೊಟ್ಟೆಯ ಚಿಂತೆಯನ್ನು ಗದ್ದೆಯು ನೋಡಿಕೊಳ್ಳುತ್ತಿದ್ದುದರಿಂದ ಅವನಿಗೆ ಅವಸರವಿರಲಿಲ್ಲ. ಸಂತೆಯ ದರಕ್ಕೆ ಹೆದರಿ ಕೆಲಸವನ್ನು ಮೊಟಕುಗೊಳಿಸುವ ಕಾರಣವೂ ಇರಲಿಲ್ಲ. ಪೋಷಿಸುವ ಅರಸನು ಇಲ್ಲವಾದ ಮೇಲೆ, ಯಂತ್ರದ ಅಗ್ಗದ ಸರಕು ಬಂದಿತು. ವಿದ್ಯಾವಂತರ ಅಭಿರುಚಿಯೂ ಪರದೇಶದತ್ತ ಹೊರಳಿತು. ಕೈ ಕುಶಲವಾಗಿಯೇ ಉಳಿದರೂ ಅದಕ್ಕೆ ಕೆಲಸ ಹೇಳುವವರೇ ಇಲ್ಲವಾದರು.

ವಿನ್ಯಾಸಗಳನ್ನು ಕುರಿತ ಭಾಗವು ಬಹು ರಸವತ್ತಾದುದು. ಬಳ್ಳಿಯ ಚಿತ್ತಾರಕ್ಕೆ ‘ಲಿಯ ವೆಲ’ ಎಂದೂ, ಕೊರಳುಗಳನ್ನು ಹೆಣೆದುಕೊಂಡ ಹಂಸಗಳಿಗೆ ‘ಹಂಸ ಪುಟ್ಟುವ’ ಎಂದೂ ಸಿಂಹಳರು ಹೆಸರಿಟ್ಟಿದ್ದಾರೆ. ಎರಡು ತಲೆಯ ಭೇರುಂಡ ಪಕ್ಷಿಯೂ ಅಲ್ಲಿದೆ! ಮೈಸೂರಿನವರಾದ ನಮಗೆ ಅದರ ಪರಿಚಯವನ್ನು ಯಾರೂ ಮಾಡಿಕೊಡಬೇಕಾಗಿಲ್ಲ. ಈ ಆಕೃತಿಗಳನ್ನು ಒಬ್ಬ ವ್ಯಕ್ತಿಯು ಕಲ್ಪಿಸಿದುದಲ್ಲ. ತಂದೆಯ ಕೈಯಿಂದ ಮಗನ ಕೈಗೆ ಬಂದವು. ಬುದ್ಧಮೂರ್ತಿಗೆ ಕಣ್ಣು ಬರೆಯುವ ‘ನೇತ್ರಮಂಗಲ್ಯ’ದ ವಿಧಿಯನ್ನೂ ಕುಮಾರಸ್ವಾಮಿಯವರು ವಿವರಿಸುತ್ತಾರೆ. ಮೂರ್ತಿಯ ಉಳಿದೆಲ್ಲ ಅಂಗಗಳೂ ಸಿದ್ಧವಾದ ಬಳಿಕವೇ ಕಣ್ಣು. ಅಲ್ಲಿಯವರೆಗೆ ಅದು ಬರಿಯ ಕಲ್ಲು, ಮಣ್ಣು.

ಆದರೆ ಒಂದು ವಿಷಯದಲ್ಲಿ ಗ್ರಂಥಕರ್ತರೊಡನೆ ನಮಗೆ ಪೂರ್ಣ ಸಮ್ಮತಿಯಿಲ್ಲ. ಹುಟ್ಟಿನಿಂದ ಕಸಬು ನಿರ್ಣಯವಾಗುತ್ತಿದ್ದ ವ್ಯವಸ್ಥೆಯಲ್ಲಿ ಅವರು ನೆಮ್ಮದಿಯನ್ನು ಹೆಚ್ಚಾಗಿ ಕಾಣುತ್ತಾರೆ. ಬಂಧನವನ್ನು ಅಷ್ಟಾಗಿ ಕಾಣುವುದಿಲ್ಲ. ಉಂಬಳಿಯ ಗದ್ದೆಯು ಅನ್ನವನ್ನು ಕೊಟ್ಟಿತು, ನಿಜ. ಕುಂಬಾರನ ಮಗನು ಬೇರೇನಾದರೂ ಆಗಬಯಸಿದ್ದರೆ? ಕೆಲಸದ ಸೊಬಗನ್ನು ಉಳಿಸಿಕೊಂಡು ಆ ಕಟ್ಟನ್ನು ಮಾತ್ರ ಬಿಡಿಸುವುದು ಸಾಧ್ಯವೇ ಎಂಬ ಪ್ರಶ್ನೆಗೆ ಈ ಗ್ರಂಥದಲ್ಲಿ ಉತ್ತರ ದೊರೆಯದು. ಆದರೂ ಆ ಪ್ರಶ್ನೆಯನ್ನು ಇಷ್ಟು ಸ್ಪಷ್ಟವಾಗಿ ಕೇಳಿಕೊಳ್ಳಲು ಬೇಕಾದ ಸಾಮಗ್ರಿಯನ್ನು ಒದಗಿಸಿದವರು ಅವರೇ.

ಕುಮಾರಸ್ವಾಮಿಯವರಿಗೂ ಕನ್ನಡನಾಡಿಗೂ ಒಂದು ನಂಟುಂಟು. ಅವರೂ ಸೋದರಿ ನಿವೇದಿತಾ ಅವರೂ ಬರೆದು 1913ರಲ್ಲಿ ಹೊರಬಂದ ಹಿಂದೂ ಬೌದ್ಧ ಪುರಾಣಕಥೆಗಳ ಸಂಪುಟಕ್ಕೆ ಚಿತ್ರ ಬರೆದವರಲ್ಲಿ ಮೈಸೂರಿನ ಕೆ. ವೆಂಕಟಪ್ಪನವರೂ ಒಬ್ಬರು, ಅವರು ಚಿತ್ರಗಾರರ ಮನೆತನದವರೇ. ಸಿಂಹಳದ ದೊಡ್ಡ ಗ್ರಂಥವು 1956ರಲ್ಲಿ ಮತ್ತೆ ಅಚ್ಚಾದುದರಿಂದ ಗ್ರಂಥಾಲಯಗಳಲ್ಲಿ ಅರಸಬಹುದು. ಅದು ಭಾರವೆನಿಸಿದವರು 1909ರ ‘ದಿ ಇಂಡಿಯನ್ ಕ್ರಾಫ್ಟ್ಸ್‌ಮನ್’ ಎಂಬ ಚಿಕ್ಕ ಪುಸ್ತಕದಿಂದ ತೊಡಗಲಿ. ಹಳ್ಳಿಯ ಕಸಬುದಾರನನ್ನು ಕುರಿತ ಅದರ ಮೊದಲನೆಯ ಅಧ್ಯಾಯವನ್ನು ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು.