ಜಾನಿ ವಿಂಟರ್: ಬ್ಲೂಸ್ ಸಂಗೀತದಲ್ಲಿ ಒಂದು ಋಣಸಂದಾಯ

ಧ್ವನಿಮುದ್ರಣದ ಕ್ಷೇತ್ರದಲ್ಲಿ 'ನಿರ್ಮಾಪಕ'ನೆಂಬ ಮಾತಿಗೆ ನಮ್ಮ ಚಲನಚಿತ್ರರಂಗದಲ್ಲಿರುವ ಅರ್ಥವಿಲ್ಲ. ಚಲನಚಿತ್ರದಲ್ಲಿ ಅವನು ಹಣ ಹೂಡುವವನು. ಧ್ವನಿಮುದ್ರಣಶಾಲೆಯಲ್ಲಾದರೋ ಯಾವ ಹಾಡನ್ನು ಹಾಡಬೇಕು, ಯಾರು ಪಕ್ಕವಾದ್ಯ ನುಡಿಸಬೇಕು, ಯಾವ ನಾದ ಮುಂದೆ ನಿಲ್ಲಬೇಕು, ಯಾವುದು ಹಿಂದೆ ಸರಿಯಬೇಕು ಎಂಬುದನ್ನು ನಿರ್ಧರಿಸುವವನು. ಆದುದರಿಂದ ಸ್ವತಃ ಪ್ರಖ್ಯಾತನಾದ ವಾದಕನೊಬ್ಬನು ಮತ್ತೊಬ್ಬ ಕಲಾವಿದನಿಗೆ ನಿರ್ಮಾಪಕನಾದಾಗ ಅವನ ಕಲಾವಿವೇಕವೂ ಸಂಯಮವೂ ಒಮ್ಮೆಗೇ ಪರೀಕ್ಷೆಗೆ ಒಳಗಾಗುತ್ತವೆ. ಅಮೆರಿಕದ ಗಿಟಾರ್ ವಾದಕ ಜಾನಿ ವಿಂಟರನ (೧೯೪೪–೨೦೧೪) ಜೀವನದಲ್ಲಿ ಇಂಥ ಪರೀಕ್ಷೆಯೊಂದು ಒದಗಿಬಂದಿತು. ಅದರ ಸ್ವರೂಪವನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಬ್ಲೂಸ್ ಎಂದರೇನೆಂಬುದನ್ನು ಮೊದಲು ಸಂಕ್ಷೇಪವಾಗಿ ತಿಳಿಯುವುದು ಅವಶ್ಯಕ. ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗದಲ್ಲಿ, ಗುಲಾಮಗಿರಿ ತೊಲಗಿದ ಮೇಲೂ ಹತ್ತಿಯ ಹೊಲಗಳ ದುಡಿಮೆಯಿಂದಾಗಲಿ ವರ್ಣಭೇದದಿಂದಾಗಲಿ ಬಿಡುಗಡೆ ಕಾಣದಿದ್ದ ಕಪ್ಪುಜನರ ನಡುವೆ ಈ ಗಾನಪ್ರಕಾರ ರೂಪುಗೊಂಡಿತು. ಅದರ ಅತಿ ಪರಿಚಿತ ಚೌಕಟ್ಟು ನಾಲ್ಕು ನಾಲ್ಕು ಎಣಿಕೆಯ ೧೨ ಆವರ್ತಗಳದು. ಒಂದು ಪಂಕ್ತಿಯನ್ನು ಎರಡು ಸಲ ಹಾಡಿ, ಮೂರನೆಯ ಪಂಕ್ತಿಯಲ್ಲಿ ಅದಕ್ಕೆ ಉತ್ತರ ಹೇಳುವುದು ವಾಡಿಕೆ. ಹಾಡುಗಾರನು ನಿಲ್ಲಿಸಿದೆಡೆಯಲ್ಲಿ ವಾದ್ಯವು ಮಾತನಾಡುತ್ತದೆ. ಅದರ ಗಾಂಧಾರವು ನಮ್ಮ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ತೂಗಾಡುವುದರಿಂದ ಪಿಯಾನೋ ವಾದ್ಯದಲ್ಲಿ ಅದು ಕೈಗೆ ಸಿಕ್ಕದು. ಗಿಟಾರಿನ ತಂತಿಯನ್ನು ಬೆರಳಿನಿಂದ ಎಳೆದು ಬಾಗಿಸಿ, ಇಲ್ಲವೆ ಗಾಜಿನ ಅಥವಾ ಲೋಹದ ಕೊಳವೆಯೊಂದನ್ನು ಬೆರಳಿಗೆ ತೊಟ್ಟು ತಂತಿಯ ಮೇಲೆ ಜಾರಿಸಿ ಅದನ್ನು ಪಡೆಯುತ್ತಾರೆ. ಗೋಟುವಾದ್ಯವನ್ನು ಕೇಳಿದವರಿಗೆ ಈ ಜಾರುನಾದದ ಗುಣ ಸುಲಭವಾಗಿ ಮನದಟ್ಟಾಗುವುದು.

ವಿಂಟರನು ೧೯೪೪ನೆಯ ಫೆಬ್ರವರಿ ೨೩ರಂದು ಟೆಕ್ಸಾಸ್ ಸಂಸ್ಥಾನದ ಬೋಮಾಂಟ್ ಎಂಬ ಊರಿನಲ್ಲಿ ಜನಿಸಿದನು. ಅದು ತೈಲೋದ್ಯಮದಿಂದ ಬೆಳೆದ ಊರು. ಅವನು ಹುಟ್ಟುವುದಕ್ಕೆ ಹಿಂದಿನ ವರ್ಷವೇ ಅಲ್ಲಿ ಬಿಳಿಯರ ಗುಂಪುಗಳು ಕಪ್ಪುಜನರ ಕೇರಿಗಳ ಮೇಲೆ ಬಿದ್ದು ಭೀಕರವಾದ ಗಲಭೆ ನಡೆದಿತ್ತು. ವಿಂಟರನೂ ಅವನ ತಮ್ಮ ಎಡ್ಗರನೂ ದೇಹದಲ್ಲಿ ವರ್ಣದ್ರವ್ಯವಿಲ್ಲದೆ ಹುಟ್ಟಿದವರಾದ್ದರಿಂದ ಅವರ ಚರ್ಮ, ಕೂದಲುಗಳು ಅಚ್ಚ ಬಿಳುಪಾಗಿದ್ದುವು; ದೃಷ್ಟಿಯೂ ಮಂದವಾಗಿತ್ತು. ಓರಗೆಯವರ ಹಾಸ್ಯಕ್ಕೆ ಗುರಿಯಾದ ಈ ಹುಡುಗನಿಗೆ ರೇಡಿಯೋದಲ್ಲಿ ಕೇಳಿದ ಕಪ್ಪುಜನರ ಸಂಗೀತವೇ ಆಶ್ರಯವಾಯಿತು. ಊರಿನ ರೇಡಿಯೋ ಕೇಂದ್ರದಲ್ಲಿ ಕಾರ್ಯಕ್ರಮ ನಡೆಸುತ್ತಿದ್ದ ಕ್ಲಾರೆನ್ಸ್ ಗಾರ್ಲೋ ಎಂಬ ಕಪ್ಪು ಗಿಟಾರ್ ವಾದಕನು ಅವನಿಗೆ ಮಾರ್ಗದರ್ಶನ ಮಾಡಿದನು. ೧೯೬೨ರಲ್ಲಿ ಬಿ. ಬಿ. ಕಿಂಗನು ಆ ಊರಿನ 'ರೇವನ್' ಕ್ಲಬ್ಬಿಗೆ ಬಂದಿದ್ದಾಗ, ಕಪ್ಪುಜನರೇ ತುಂಬಿದ್ದ ಆ ಸಭೆಯಲ್ಲಿ ಈ ಹದಿನೆಂಟರ ಹುಡುಗನು ತನಗೂ ನುಡಿಸಲು ಅವಕಾಶ ಬೇಡಿದನು. ಕಿಂಗನು ಮೊದಲು ಅನುಮಾನಿಸಿ, ಆಮೇಲೆ ಒಪ್ಪಿದನು. ಸಭೆ ಹುಡುಗನನ್ನು ಮೆಚ್ಚಿತು.

೧೯೬೮ರ ಕೊನೆಯಲ್ಲಿ 'ರೋಲಿಂಗ್ ಸ್ಟೋನ್' ಪತ್ರಿಕೆಯಲ್ಲಿ ಪ್ರಕಟವಾದ ಲೇಖನವೊಂದು ಅವನ ಹೆಸರನ್ನು ದೇಶಕ್ಕೆಲ್ಲ ತಿಳಿಸಿತು. ಮರುವರ್ಷ ಕೊಲಂಬಿಯಾ ಸಂಸ್ಥೆಯೊಡನೆ ಒಪ್ಪಂದವಾಯಿತು. ಅದರ ಮೊತ್ತ ೬ ಲಕ್ಷ ಡಾಲರುಗಳೆಂದು ಆಗ ಪ್ರಚಾರವಾಗಿತ್ತು. ಅದೇ ವರ್ಷ ವುಡ್‌ಸ್ಟಾಕ್ ಉತ್ಸವದಲ್ಲಿಯೂ ಅವನು ನುಡಿಸಿದನು. ಅವನ ಬೆರಳುಗಳ ವೇಗವೂ ಕೊಳವೆಯ ಜಾರುವಾದನವೂ ಕೀರ್ತಿಯನ್ನು ತಂದುವು. ಆದರೆ ಕೀರ್ತಿಯ ಹಿಂದೆಯೇ ಮಾದಕದ್ರವ್ಯದ ವ್ಯಸನವೂ ಬಂದಿತು. ಅದಕ್ಕೆ ಚಿಕಿತ್ಸೆ ಪಡೆದು ೧೯೭೩ರಲ್ಲಿ ಅವನು ಮತ್ತೆ ವೇದಿಕೆಗೆ ಮರಳಿದನು.

ಇತ್ತ ಅವನು ಬಾಲ್ಯದಿಂದ ಆರಾಧಿಸಿದ್ದ ಮಡ್ಡಿ ವಾಟರ್ಸನ ಸ್ಥಿತಿ ಬೇರೆಯಾಗಿತ್ತು. ಮಿಸಿಸಿಪಿಯ ಹತ್ತಿಯ ಹೊಲಗಳಿಂದ ೧೯೪೩ರಲ್ಲಿ ಶಿಕಾಗೋ ನಗರಕ್ಕೆ ಬಂದು, ಹಳ್ಳಿಯ ಬ್ಲೂಸಿಗೆ ವಿದ್ಯುತ್ ಗಿಟಾರಿನ ಗಡಸುತನವನ್ನು ಕೊಟ್ಟವರಲ್ಲಿ ಅವನು ಅಗ್ರಗಣ್ಯ. ೧೯೬೮ರಲ್ಲಿ ಚೆಸ್ ಸಂಸ್ಥೆಯವರು ತರುಣರನ್ನು ಆಕರ್ಷಿಸಲೆಂದು ಅವನ ಹಾಡುಗಳಿಗೆ ಆಗಿನ ರಾಕ್ ಸಂಗೀತದ ವೇಷ ತೊಡಿಸಿದರು. ಅದು ಅವನಿಗೆ ಹಿಡಿಸಲಿಲ್ಲ. ಎಪ್ಪತ್ತರ ದಶಕದ ನಡುವಿನಲ್ಲಿ, ಅರವತ್ತು ದಾಟಿದ ಅವನಿಗೂ ಆ ಸಂಸ್ಥೆಗೂ ಇದ್ದ ಸಂಬಂಧ ಮುಗಿಯಿತು.

ಆಗ ವಿಂಟರನು ಅವನಿಗೆ ನಿರ್ಮಾಪಕನಾದನು. ೧೯೭೬ರ ಅಕ್ಟೋಬರಿನಲ್ಲಿ ಕನೆಕ್ಟಿಕಟ್ ಸಂಸ್ಥಾನದ ವೆಸ್ಟ್‌ಪೋರ್ಟಿನಲ್ಲಿ ಧ್ವನಿಮುದ್ರಣ ನಡೆಯಿತು. ಒಬ್ಬೊಬ್ಬರ ವಾದನವನ್ನೂ ಬೇರೆಬೇರೆಯಾಗಿ ಮುದ್ರಿಸಿ ಜೋಡಿಸುವ ಪದ್ಧತಿ ಆ ವೇಳೆಗೆ ರೂಢವಾಗಿತ್ತು. ವಿಂಟರನು ಎಲ್ಲರನ್ನೂ ಒಂದೇ ಕೊಠಡಿಯಲ್ಲಿ ಕೂಡಿಸಿ ನುಡಿಸಿದನು. ಮೌತ್ ಆರ್ಗನ್ನಿಗೆ ಮಡ್ಡಿಯ ಹಳೆಯ ಸಂಗಡಿಗ ಜೇಮ್ಸ್ ಕಾಟನ್, ಪಿಯಾನೋಗೆ ಪೈನ್‌ಟಾಪ್ ಪರ್ಕಿನ್ಸ್ ಇದ್ದರು. ಮಡ್ಡಿಯು ಗಿಟಾರನ್ನು ಬದಿಗಿಟ್ಟು ಗಾಯನಕ್ಕೇ ಮನಸ್ಸು ಕೊಟ್ಟನು. ಅವನ ಶೈಲಿಯ ಜಾರುವಾದನವನ್ನು ವಿಂಟರನೇ ನುಡಿಸಿದನು. ವೇಗಕ್ಕೆ ಹೆಸರಾದ ವಾದಕನು ಇಲ್ಲಿ ಹಿರಿಯನ ಕಂಠ ವಿರಮಿಸಿದೆಡೆಯಲ್ಲಿ ಮಾತ್ರ ನುಡಿದು, ಉಳಿದೆಡೆ ತಾಳಕ್ಕೆ ಒತ್ತಾಗಿ ನಿಂತನು. 'ಹಾರ್ಡ್ ಅಗೇನ್' ಎಂಬ ಈ ಧ್ವನಿಮುದ್ರಿಕೆ ೧೯೭೭ರಲ್ಲಿ ಹೊರಬಂದಿತು. ಬಳಿಕ ೧೯೭೮, ೧೯೭೯, ೧೯೮೧ರಲ್ಲಿ ಇನ್ನೂ ಮೂರು ಬಂದುವು. ನಾಲ್ಕರಲ್ಲಿ ಮೊದಲ ಮೂರಕ್ಕೆ ಗ್ರ್ಯಾಮಿ ಪ್ರಶಸ್ತಿ ದೊರೆಯಿತು. ೧೯೮೩ರಲ್ಲಿ ಮಡ್ಡಿ ವಾಟರ್ಸನು ತೀರಿಕೊಂಡನು.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವುಂಟು. ಕಪ್ಪುಜನರು ಕಷ್ಟದಲ್ಲಿ ಬೆಳೆಸಿದ ಸಂಗೀತದಿಂದ ಬಿಳಿಯ ತರುಣನೊಬ್ಬನು ಇಪ್ಪತ್ತೈದನೆಯ ವಯಸ್ಸಿಗೆ ಲಕ್ಷಗಟ್ಟಲೆ ಡಾಲರುಗಳ ಒಪ್ಪಂದ ಪಡೆದದ್ದು ನ್ಯಾಯವೇ? ಆ ಸಂಗೀತದ ಮೂಲಪುರುಷರಲ್ಲಿ ಬಹುಮಂದಿಗೆ ಅಂಥ ಭಾಗ್ಯ ದೊರೆಯಲಿಲ್ಲವೆಂಬುದು ನಿರ್ವಿವಾದ. ನಾಲ್ಕು ಧ್ವನಿಮುದ್ರಿಕೆಗಳಿಂದ ಆ ಅನ್ಯಾಯ ಅಳಿದುಹೋಗುವುದಿಲ್ಲ. ಆದರೆ ತನಗೆ ದೊರೆತ ಪ್ರಭಾವವನ್ನು ಪರಂಪರೆಯ ಹಿರಿಯನೊಬ್ಬನ ಕಂಠ ಅದರ ಸ್ವರೂಪದಲ್ಲಿಯೇ ಕೇಳಿಬರುವಂತೆ ಮಾಡಲು ಬಳಸಿದುದು, ವ್ಯಕ್ತಿಯೊಬ್ಬನು ತೀರಿಸಬಹುದಾದ ಋಣದ ಒಂದು ಭಾಗವನ್ನಾದರೂ ತೀರಿಸಿದಂತೆಯೇ ಸರಿ. ಗುರುಋಣವನ್ನು ಹೊಗಳಿಕೆಯ ಮಾತಿನಿಂದ ತೀರಿಸುವವರು ಹಲವರು. ಗುರುವಿಗೆ ಕೆಲಸವನ್ನೂ ಸಭೆಯನ್ನೂ ದೊರಕಿಸಿಕೊಟ್ಟು ತೀರಿಸುವವರು ವಿರಳ.

ವಿಂಟರನ ಮುಂದಿನ ಬಾಳು ಸುಗಮವಾಗಿರಲಿಲ್ಲ. ದೀರ್ಘಕಾಲದ ಅನಾರೋಗ್ಯ ಅವನನ್ನು ಕುಗ್ಗಿಸಿತು. ಕೊನೆಯ ವರ್ಷಗಳಲ್ಲಿ ಪಾಲ್ ನೆಲ್ಸನ್ ಎಂಬ ಕಿರಿಯ ಗಿಟಾರ್ ವಾದಕನು ಅವನ ಪಕ್ಕದಲ್ಲಿ ನಿಂತು, ಅವನ ಧ್ವನಿಮುದ್ರಿಕೆಗಳಿಗೆ ನಿರ್ಮಾಪಕನಾದನು. ವಿಂಟರನು ಮಡ್ಡಿಗೆ ಮಾಡಿದ ಸೇವೆ ಈ ರೀತಿಯಾಗಿ ಅವನಿಗೂ ಸಂದಿತು. ೨೦೧೪ನೆಯ ಜುಲೈ ೧೬ರಂದು ಸ್ವಿಟ್ಸರ್ಲೆಂಡಿನಲ್ಲಿ ಅವನು ನಿಧನನಾದನು. ಆ ಸೆಪ್ಟೆಂಬರಿನಲ್ಲಿ ಹೊರಬಂದ 'ಸ್ಟೆಪ್ ಬ್ಯಾಕ್' ಎಂಬ ಧ್ವನಿಮುದ್ರಿಕೆಗೆ ೨೦೧೫ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂದಿತು. ಅವನ ವಾದನಕೌಶಲವನ್ನು ಅರಿಯಬಯಸುವವರು ಅವನ ಸ್ವಂತ ಧ್ವನಿಮುದ್ರಿಕೆಗಳನ್ನು ಕೇಳಬೇಕು; ಅವನ ವಿವೇಕವನ್ನು ಅರಿಯಬಯಸುವವರು, ಅವನು ಹಿಂದೆ ಸರಿದು ಮಡ್ಡಿಯನ್ನು ಮುಂದೆ ನಿಲ್ಲಿಸಿದ ಆ ನಾಲ್ಕನ್ನು ಕೇಳಬೇಕು.