ಮಗನ ಕೈಗೆ ಗಾಡಿ, ಅಮ್ಮನ ಕೈಗೆ ವಿಮೆ ಪತ್ರ



ಚಾಮರಾಜಪೇಟೆಯ ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಬಸವನಗುಡಿಯ ಮೂರು ಮನೆಗಳಲ್ಲಿ ಅವರು ಅಡುಗೆ ಮಾಡುತ್ತಾರೆ. ಅವರ ಮಗನಿಗೆ 18 ವರ್ಷ ತುಂಬಿತು. ಪರೀಕ್ಷೆ ಕೊಟ್ಟು ಡ್ರೈವಿಂಗ್ ಲೈಸೆನ್ಸ್ ತಗೊಂಡ. ಚೀಟಿ ದುಡ್ಡಿನಲ್ಲಿ ಒಂದು ಹಳೆಯ ಸ್ಕೂಟರ್ ಬಂತು. ಬೆಳಗ್ಗೆ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಕೆಲಸದ ಮನೆಗೆ ಬಿಟ್ಟು, ಹುಡುಗ ಕಾಲೇಜಿಗೆ ಹೋಗಬೇಕು. ಇದು ಅವರ ಆಸೆ.

ಗಾಡಿಯ ಹಳೆಯ ವಿಮೆ ಇನ್ನೊಂದು ತಿಂಗಳಿಗೆ ಮುಗಿಯುತ್ತಿತ್ತು. ಒಬ್ಬ ಮಧ್ಯವರ್ತಿ ಮನೆಗೆ ಬಂದ. "ಹುಡುಗ ಚಿಕ್ಕವನು, ಈಗಷ್ಟೇ ಲೈಸೆನ್ಸ್ ಬಂದಿದೆ. ಅದಕ್ಕೇ ಥರ್ಡ್ ಪಾರ್ಟಿ ವಿಮೆಗೆ 2,500 ರೂಪಾಯಿ ಆಗುತ್ತೆ. ಇಲ್ಲಿ ಸಹಿ ಹಾಕಿ" ಎಂದ.

ಅಕ್ಕ ಸಹಿ ಹಾಕಲಿಲ್ಲ. "ಓದಿ ನೋಡಿ ಹೇಳ್ತೀನಿ" ಎಂದರು. ಕಾಗದ ಹಿಡಿದು ಕೇಂದ್ರಕ್ಕೆ ಬಂದರು. ಅವತ್ತು ಸಂಜೆ ನಾವೆಲ್ಲ ಕೂಡಿ ಅದನ್ನೇ ಪಾಠ ಮಾಡಿಕೊಂಡೆವು. ಬನ್ನಿ, ನೀವೂ ಓದಿ.

ವಿಮೆ ಎಂದರೇನು?

ನಾವು ಚೀಟಿ ಹಾಕುತ್ತೇವೆ ಅಲ್ಲವೇ? ಎಲ್ಲರೂ ಸ್ವಲ್ಪ ಸ್ವಲ್ಪ ಹಣ ಹಾಕುತ್ತೇವೆ. ಸರದಿ ಬಂದವರು ಎತ್ತುತ್ತಾರೆ. ವಿಮೆಯೂ ಹಾಗೇ. ಸಾವಿರಾರು ಜನ ಸ್ವಲ್ಪ ಸ್ವಲ್ಪ ಹಣ ಕಟ್ಟುತ್ತಾರೆ. ಆದರೆ ಇಲ್ಲಿ ಸರದಿ ಇಲ್ಲ. ಕಷ್ಟ ಬಂದವರ ಖರ್ಚಿಗೆ ಆ ಹಣ ಹೋಗುತ್ತದೆ. ಕಷ್ಟ ಬರದಿದ್ದರೆ ಕಟ್ಟಿದ ಹಣ ವಾಪಸ್ ಬರುವುದಿಲ್ಲ. ಕಷ್ಟ ಬರಲಿಲ್ಲವಲ್ಲ, ಅದೇ ಲಾಭ!

ಗಾಂಧಿ ಬಜಾರನ್ನು ನೆನೆಸಿಕೊಳ್ಳಿ. ಹೂವಿನವರು, ಹಣ್ಣಿನವರು, ಶಾಲೆ ಮಕ್ಕಳು, ವಯಸ್ಸಾದವರು ಎಲ್ಲರೂ ರಸ್ತೆಯಲ್ಲೇ. ಕಡಲೆಕಾಯಿ ಪರಿಷೆ ಬಂದರಂತೂ ಕಾಲಿಡಲು ಜಾಗ ಇಲ್ಲ. ಅಂಥ ಕಡೆ ನಮ್ಮ ಹುಡುಗನ ಗಾಡಿ ಒಬ್ಬ ಅಜ್ಜಿಗೆ ತಗುಲಿತು ಅನ್ನಿ. ಅಜ್ಜಿಯ ಕಾಲು ಮುರಿಯಿತು. ಆಸ್ಪತ್ರೆ ಖರ್ಚು ಯಾರು ಕೊಡಬೇಕು? ವಿಮೆ ಇದ್ದರೆ ವಿಮೆ ಕಂಪನಿ ಕೊಡುತ್ತದೆ. ಇಲ್ಲದಿದ್ದರೆ ನಾವೇ ಕೊಡಬೇಕು. ಕಿವಿಯ ಓಲೆ, ಮನೆಯ ಪತ್ರ ಎಲ್ಲ ಹೋದೀತು.

ಹೀಗೆ ಹೊರಗಿನವರಿಗೆ ಆದ ನಷ್ಟ ತುಂಬುವ ವಿಮೆಗೆ 'ಥರ್ಡ್ ಪಾರ್ಟಿ ವಿಮೆ' ಎನ್ನುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯಂತೆ ಇದು ಕಡ್ಡಾಯ. ಇದಿಲ್ಲದೆ ಗಾಡಿ ಓಡಿಸಿದರೆ ಮೊದಲ ಸಲ 2,000 ರೂಪಾಯಿ ದಂಡ. ಮತ್ತೆ ಸಿಕ್ಕಿಬಿದ್ದರೆ 4,000. ಜೈಲು ಶಿಕ್ಷೆಯೂ ಆಗಬಹುದು.

ಹುಡುಗನ ವಯಸ್ಸಿಗೆ ಹೆಚ್ಚು ಹಣವೇ?

ಇಂಗ್ಲೆಂಡಿನಂಥ ದೇಶಗಳಲ್ಲಿ ಹೊಸದಾಗಿ ಲೈಸೆನ್ಸ್ ಪಡೆದ ಹುಡುಗರ ಕಾರಿಗೆ ವಿಮೆ ಬಹಳ ದುಬಾರಿ. ಅಲ್ಲಿ ಓಡಿಸುವವರ ವಯಸ್ಸು ನೋಡಿ ಬೆಲೆ ಹೇಳುತ್ತಾರೆ.

ನಮ್ಮಲ್ಲಿ ಹಾಗಿಲ್ಲ. ಥರ್ಡ್ ಪಾರ್ಟಿ ವಿಮೆಯ ದರವನ್ನು ಸರ್ಕಾರವೇ ಗೊತ್ತು ಮಾಡುತ್ತದೆ. ಇಂಜಿನ್ ಎಷ್ಟು ದೊಡ್ಡದು ಅಂತ ನೋಡುತ್ತಾರೆ. ಓಡಿಸುವವರ ವಯಸ್ಸು ನೋಡುವುದಿಲ್ಲ. 18ರ ಹುಡುಗನಿಗೂ 50ರ ಅಪ್ಪನಿಗೂ ಒಂದೇ ದರ. ಎಲ್ಲಾ ಕಂಪನಿಗಳಲ್ಲೂ ಒಂದೇ ದರ.

2022ರ ಜೂನ್‌ನಿಂದ ಜಾರಿಗೆ ಬಂದ ಒಂದು ವರ್ಷದ ದರ ಹೀಗಿತ್ತು:

75 ಸಿ.ಸಿ. ವರೆಗಿನ ದ್ವಿಚಕ್ರ ವಾಹನ – 538 ರೂಪಾಯಿ
75ರಿಂದ 150 ಸಿ.ಸಿ. – 714 ರೂಪಾಯಿ
150ರಿಂದ 350 ಸಿ.ಸಿ. – 1,366 ರೂಪಾಯಿ
1,000 ಸಿ.ಸಿ. ವರೆಗಿನ ಸ್ವಂತ ಕಾರು – 2,094 ರೂಪಾಯಿ
1,000ದಿಂದ 1,500 ಸಿ.ಸಿ. ಕಾರು – 3,416 ರೂಪಾಯಿ

ಅಕ್ಕನ ಮಗನ ಸ್ಕೂಟರ್ 110 ಸಿ.ಸಿ.ಯದು. ನಾವೇ ಲೆಕ್ಕ ಹಾಕಿದೆವು. 714 ರೂಪಾಯಿ. ನೂರಕ್ಕೆ 18ರಂತೆ ತೆರಿಗೆ, 128 ರೂಪಾಯಿ 52 ಪೈಸೆ. ಒಟ್ಟು ಸುಮಾರು 843 ರೂಪಾಯಿ. ಮಧ್ಯವರ್ತಿ ಕೇಳಿದ್ದು ಎಷ್ಟು? 2,500!

ದರ ಆಗಾಗ ಬದಲಾಗುತ್ತದೆ. ಆದ್ದರಿಂದ ಹಣ ಕಟ್ಟುವ ದಿನ "ಇವತ್ತಿನ ಸರ್ಕಾರಿ ದರ ಎಷ್ಟು?" ಎಂದು ಕೇಳಿ.

ಹಿಂದೆ ಕೂತ ಅಮ್ಮನಿಗೆ?

ಇಷ್ಟು ಹೇಳಿದಾಗ ಅಕ್ಕ ಒಂದು ಪ್ರಶ್ನೆ ಕೇಳಿದರು. "ಅಜ್ಜಿಗೆ ಆಯ್ತು. ನಾನು ಹಿಂದೆ ಕೂತಿರ್ತೀನಲ್ಲ, ನಾನು ಬಿದ್ರೆ?"

ಒಳ್ಳೆಯ ಪ್ರಶ್ನೆ. ಬರೀ ಥರ್ಡ್ ಪಾರ್ಟಿ ವಿಮೆ ಇದ್ದರೆ ಹಿಂದೆ ಕೂತವರಿಗೆ ಕಂಪನಿ ಹಣ ಕೊಡಬೇಕಾಗಿಲ್ಲ. 2006ರಲ್ಲಿ ಸುಪ್ರೀಂ ಕೋರ್ಟ್ ಹೀಗೆಂದೇ ಹೇಳಿತು. ಅಂದರೆ ಅತಿ ಅಗ್ಗದ ವಿಮೆಯಲ್ಲಿ ದಾರಿಹೋಕರಿಗೆ ರಕ್ಷಣೆ ಉಂಟು, ಅಮ್ಮನಿಗೆ ಇಲ್ಲ.

ಇದಕ್ಕೆ ದಾರಿ ಇದೆ. ಸ್ವಲ್ಪ ಹೆಚ್ಚು ಹಣ ಕಟ್ಟಿದರೆ ಹಿಂಬದಿ ಸವಾರರನ್ನೂ ವಿಮೆಯಲ್ಲಿ ಸೇರಿಸಬಹುದು. ಕೇಳಿದರೆ ಮಾತ್ರ ಸೇರಿಸುತ್ತಾರೆ. ಆದ್ದರಿಂದ ಬಾಯಿ ಬಿಟ್ಟು ಕೇಳಬೇಕು.

ಇನ್ನೊಂದು ಬಗೆಯ ವಿಮೆ ಇದೆ. ಅದಕ್ಕೆ ಸಮಗ್ರ ವಿಮೆ ಎನ್ನುತ್ತಾರೆ. ನಮ್ಮ ಗಾಡಿ ಜಖಂ ಆದರೆ, ಕಳವಾದರೆ ಅದರಲ್ಲಿ ಹಣ ಬರುತ್ತದೆ. ಹಿಂದೆ ಕೂತವರೂ ಅದರಲ್ಲಿ ಸೇರುತ್ತಾರೆ. ಆದರೆ ಗಾಡಿಯ ನಷ್ಟದ ಭಾಗಕ್ಕೆ ಒಂದೊಂದು ಕಂಪನಿಯದು ಒಂದೊಂದು ಬೆಲೆ. ಮೂರು ಕಡೆ ವಿಚಾರಿಸಿ. ಗಾಡಿ ಹಳೆಯದಾದಷ್ಟೂ ಅದಕ್ಕೆ ಕಟ್ಟುವ ಬೆಲೆ ಕಡಿಮೆ, ಬರುವ ಹಣವೂ ಕಡಿಮೆ. ಹೊಸ ಗಾಡಿಗೆ ಸಮಗ್ರ ವಿಮೆ ಒಳ್ಳೆಯದು. ತೀರಾ ಹಳೆಯ ಗಾಡಿಗೆ ಲೆಕ್ಕ ಹಾಕಿ ನೋಡಿ.

ಗಾಡಿ ಯಾರ ಹೆಸರಿನಲ್ಲಿ ಇರಬೇಕು?

ಗಾಡಿಯನ್ನು ತನ್ನ ಹೆಸರಿಗೆ ಮಾಡಿಸಬೇಕು ಅಂತ ಅಕ್ಕನ ಯೋಚನೆ. ದುಡ್ಡು ಅವರದೇ ತಾನೇ? ಆದರೆ ಅವರಿಗೆ ಲೈಸೆನ್ಸ್ ಇಲ್ಲ.

ಗಾಡಿಯ ಮಾಲೀಕರೇ ಓಡಿಸುವಾಗ ಅಪಘಾತವಾಗಿ ಸತ್ತರೆ, ಅವರ ಮನೆಯವರಿಗೆ 15 ಲಕ್ಷ ರೂಪಾಯಿ ಸಿಗುವ ವಿಮೆ ಇದೆ. 2018ರಿಂದ ಈ ಮೊತ್ತ ಇದೆ. ಆದರೆ ಒಂದು ಷರತ್ತು. ಗಾಡಿಯ ಆರ್.ಸಿ. ಪುಸ್ತಕ, ವಿಮೆ ಪತ್ರ, ಲೈಸೆನ್ಸ್ ಮೂರೂ ಒಬ್ಬರದೇ ಹೆಸರಿನಲ್ಲಿ ಇರಬೇಕು.

ಬೇರೆಯವರ ಗಾಡಿ ಓಡಿಸಿದರೆ ಏನಾಗುತ್ತದೆ? ನಮ್ಮ ಉತ್ತರ ಕರ್ನಾಟಕದ ಒಂದು ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಒಬ್ಬ ಯಜಮಾನರು ಬೇರೆಯವರ ಬೈಕು ಕೇಳಿ ಪಡೆದು ಇಳಕಲ್ಲಿನಿಂದ ಊರಿಗೆ ಹೊರಟಿದ್ದರು. ಮುಂದೆ ಹೋಗುತ್ತಿದ್ದ ಎತ್ತಿನ ಗಾಡಿಗೆ ಡಿಕ್ಕಿಯಾಗಿ ತೀರಿಕೊಂಡರು. ಹೆಂಡತಿ ಪರಿಹಾರ ಕೇಳಿದರು. "ಗಾಡಿ ಕೇಳಿ ಪಡೆದು ಓಡಿಸುವವರು ಮಾಲೀಕರ ಜಾಗದಲ್ಲೇ ನಿಲ್ಲುತ್ತಾರೆ, ಅವರು ಹೊರಗಿನವರಲ್ಲ" ಎಂದು 2009ರಲ್ಲಿ ಕೋರ್ಟ್ ಹೇಳಿತು.

ಅದಕ್ಕೇ ನಾವು ಅಕ್ಕನಿಗೆ ಹೇಳಿದೆವು: ಓಡಿಸುವವನು ಮಗ. ಅವನಿಗೆ 18 ತುಂಬಿದೆ. ಗಾಡಿ ಅವನ ಹೆಸರಿಗೇ ಇರಲಿ. ಹಳೆಯ ಗಾಡಿ ಕೊಂಡರೆ ಆರ್.ಟಿ.ಓ. ಕಚೇರಿಯಲ್ಲಿ ಹೆಸರು ಬದಲಾಯಿಸಬೇಕು. 14 ದಿನದೊಳಗೆ ವಿಮೆ ಕಂಪನಿಗೂ ತಿಳಿಸಬೇಕು.

ಲೈಸೆನ್ಸ್ ಬರುವ ಮುಂಚೆ ಬೇಡ

18 ತುಂಬದ ಮಕ್ಕಳಿಗೆ ಸ್ಕೂಟರ್ ಕೊಡಲೇಬೇಡಿ. "ಇಲ್ಲೇ ಅಂಗಡಿಗೆ ಹೋಗಿ ಬರ್ತಾನೆ" ಅನ್ನಬೇಡಿ. 2019ರ ತಿದ್ದುಪಡಿಯಂತೆ ತಂದೆತಾಯಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಆ ಮಗುವಿಗೆ 25 ವರ್ಷದವರೆಗೆ ಲೈಸೆನ್ಸ್ ಸಿಗುವುದಿಲ್ಲ.

ಲೈಸೆನ್ಸ್ ಇಲ್ಲದವರು ಓಡಿಸಿದಾಗ ಅಪಘಾತವಾದರೆ, ಕಂಪನಿ ಗಾಯಗೊಂಡವರಿಗೆ ಹಣ ಕೊಟ್ಟರೂ ಆಮೇಲೆ ಅದನ್ನು ಮಾಲೀಕರಿಂದ ವಸೂಲಿ ಮಾಡಬಹುದು. ಆಗ ವಿಮೆ ಇದ್ದೂ ಇಲ್ಲದಂತೆ.

ಹುಡುಗ ಆ ಗಾಡಿಯಲ್ಲೇ ಊಟದ ಪೊಟ್ಟಣ, ಸಾಮಾನು ಹಂಚುವ ಕೆಲಸ ಮಾಡುತ್ತಾನೆಯೇ? ಅದನ್ನು ಮುಚ್ಚಿಡಬೇಡಿ. ಸ್ವಂತ ಬಳಕೆಯ ವಿಮೆ ಆ ಕೆಲಸಕ್ಕೆ ಸಾಲುವುದಿಲ್ಲ. ಕಂಪನಿಯಲ್ಲಿ ಮೊದಲೇ ಹೇಳಿ ವಿಚಾರಿಸಿ.

ಕೊನೆಗೆ ಏನಾಯಿತು?

ಅಕ್ಕ ಮಗನ ಜೊತೆ ಒಂದು ವಿಮೆ ಕಚೇರಿಗೆ ತಾವೇ ಹೋದರು. ಮೂರು ಮಾತು ಕೇಳಿದರು: "ಸರ್ಕಾರಿ ದರ ಎಷ್ಟು? ಓಡಿಸುವ ಮಾಲೀಕನ ವಿಮೆ ಸೇರಿದೆಯಾ? ಹಿಂದೆ ಕೂರುವ ನನ್ನನ್ನು ಸೇರಿಸಿದ್ದೀರಾ?" ಮೂರೂ ಸೇರಿದರೂ ಮಧ್ಯವರ್ತಿ ಕೇಳಿದ್ದಕ್ಕಿಂತ ಕಡಿಮೆ ಆಯಿತು. ಉಳಿದ ಹಣದಲ್ಲಿ ಎರಡು ಹೆಲ್ಮೆಟ್ ಬಂತು. ಹೌದು, ಎರಡು! ಹಿಂದೆ ಕೂರುವವರಿಗೂ ಹೆಲ್ಮೆಟ್ ಬೇಕು.

ವಿಮೆ ಪತ್ರವನ್ನು ಅಕ್ಕ ಕೇಂದ್ರಕ್ಕೆ ತಂದು ನಮಗೇ ಓದಿ ಹೇಳಿದರು. ಮಗನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿತ್ತು. ಕಂಡುಹಿಡಿದವರು ಅವರೇ. ಮಾರನೆಯ ದಿನವೇ ಹೋಗಿ ತಿದ್ದಿಸಿ ತಂದರು.

ನೆನಪಿಡೋಣ

1. ಥರ್ಡ್ ಪಾರ್ಟಿ ವಿಮೆಗೆ ಎಲ್ಲಾ ಕಂಪನಿಯಲ್ಲೂ ಒಂದೇ ದರ. ವಯಸ್ಸಿನ ನೆಪದಲ್ಲಿ ಹೆಚ್ಚು ಕೊಡಬೇಡಿ.
2. ಓಡಿಸುವವರಿಗೂ ಹಿಂದೆ ಕೂರುವವರಿಗೂ ರಕ್ಷಣೆ ಇದೆಯೇ ಎಂದು ಕೇಳಿ.
3. ಆರ್.ಸಿ., ವಿಮೆ, ಲೈಸೆನ್ಸ್ ಒಂದೇ ಹೆಸರಿನಲ್ಲಿ ಇರಲಿ.
4. ವಿಮೆ ಮುಗಿಯುವ ಮುಂಚೆಯೇ ಹೊಸದು ಮಾಡಿಸಿ. ರಸೀತಿ ಇಲ್ಲದೆ ಹಣ ಕೊಡಬೇಡಿ.

ಮಾಡಿ ನೋಡಿ

ನಿಮ್ಮ ಮನೆಯಲ್ಲಿ ಗಾಡಿ ಇದೆಯೇ? ಅದರ ವಿಮೆ ಪತ್ರ ತೆಗೆಯಿರಿ. ಹೆಸರು, ಗಾಡಿಯ ನಂಬರು, ವಿಮೆ ಮುಗಿಯುವ ದಿನ, ಈ ಮೂರನ್ನು ಹುಡುಕಿ ಓದಿ. ಮುಗಿಯುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ನಿಮ್ಮ ಕೈಯಾರೆ ಬರೆಯಿರಿ.