ಕಾರಿನ ರಬ್ಬರ್ ಕೀಲು

ಮೋಟಾರು ಕಾರಿನ ಮುಂಚಕ್ರಗಳು ರಸ್ತೆಯ ಏರುತಗ್ಗುಗಳಿಗೆ ತಕ್ಕಂತೆ ಮೇಲೆ ಕೆಳಗೆ ಚಲಿಸಬೇಕು; ಚಾಲಕನು ಸ್ಟೀರಿಂಗ್ ತಿರುಗಿಸಿದಾಗ ಎಡಬಲಗಳಿಗೆ ಹೊರಳಬೇಕು; ಈ ಎರಡು ಚಲನೆಗಳನ್ನು ಬಿಟ್ಟರೆ ಬೇರಾವ ದಿಕ್ಕಿನಲ್ಲಿಯೂ ಅವು ಕದಲಕೂಡದು. ಮೂರನೆಯ ಈ ನಿಬಂಧನೆಯೇ ಎಲ್ಲಕ್ಕಿಂತ ಕಠಿನವಾದುದು. ಬ್ರೇಕು ಹಾಕಿದಾಗ ರಸ್ತೆಯು ಚಕ್ರವನ್ನು ಹಿಂದಕ್ಕೆ ತಳ್ಳುತ್ತದೆ. ತಿರುವಿನಲ್ಲಿ ಪಕ್ಕಕ್ಕೆ ತಳ್ಳುತ್ತದೆ. ಆಗಲೂ ಚಕ್ರವು ತನ್ನ ಸ್ಥಾನವನ್ನು ಬಿಡದಂತೆ ಕಾಯುವ ಹೊಣೆಯಲ್ಲಿ ಬಹುಪಾಲು, ಹೆಬ್ಬೆರಳಿಗಿಂತ ತುಸು ದಪ್ಪನಾದ ಒಂದೆರಡು ರಬ್ಬರ್ ಕೀಲುಗಳ ಮೇಲಿದೆ. ಇವಕ್ಕೆ ಬುಷ್ ಎಂದು ಹೆಸರು. ಸವೆದ ಬುಷ್ಷನ್ನು ಬದಲಾಯಿಸುವುದು ಗ್ಯಾರೇಜುಗಳಲ್ಲಿ ನಿತ್ಯ ನಡೆಯುವ ಕೆಲಸ. ಆದರೆ ಈ ಕೆಲಸದ ಕಟ್ಟಕಡೆಯ ಹೆಜ್ಜೆಯಲ್ಲಿ ಭೌತಶಾಸ್ತ್ರವನ್ನು ಮರೆತರೆ, ಹೊಸ ಬುಷ್ಷು ತನ್ನ ಆಯುಸ್ಸು ಮುಗಿಯುವುದಕ್ಕೆ ಬಹಳ ಮೊದಲೇ ಹರಿದುಹೋಗುತ್ತದೆ. ಅದು ಹೇಗೆಂಬುದನ್ನು ನಾವು ಇಲ್ಲಿ ಪರಿಶೀಲಿಸೋಣ.

ಇಂದಿನ ಬಹುಪಾಲು ಸಣ್ಣ ಕಾರುಗಳ ಮುಂಭಾಗದಲ್ಲಿ ಇರತಕ್ಕದ್ದು ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ಏರ್ಪಾಡು. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನನ ಹೆಸರನ್ನು ಹೊತ್ತ ಇದು 1950ರಲ್ಲಿ ಬ್ರಿಟನ್ನಿನ ಫೋರ್ಡ್ ಕಾನ್ಸಲ್ ಮತ್ತು ಜೆಫಿರ್ ಕಾರುಗಳಲ್ಲಿ ಬಳಕೆಗೆ ಬಂದಿತು. ನಮ್ಮ ದೇಶದಲ್ಲಿ 1983ರಲ್ಲಿ ರಸ್ತೆಗಿಳಿದ ಮಾರುತಿ 800ರ ಮುಂಚಕ್ರಗಳೂ ಇಂಥ ಸ್ಟ್ರಟ್ಟುಗಳ ಮೇಲೆಯೇ ನಿಂತಿದ್ದವು. ಸುರುಳಿ ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರುಗಳನ್ನು ಒಂದಾಗಿ ಜೋಡಿಸಿದ ಕಂಬವೊಂದು ಚಕ್ರವನ್ನು ಮೇಲಿನಿಂದ ಹಿಡಿದಿರುತ್ತದೆ. ಕೆಳಗಿನಿಂದ ಹಿಡಿಯುವುದು ಲೋಯರ್ ಆರ್ಮ್, ಎಂದರೆ ಕೆಳತೋಳು. ಅನೇಕ ಕಾರುಗಳಲ್ಲಿ ಇದರ ಆಕಾರವು ಹುಡುಗರು ಕಲ್ಲು ಬೀರುವ ಕ್ಯಾಟರ್‌ಬಿಲ್ಲಿನ ಕವಲುಕಡ್ಡಿಯಂತಿದೆ. ಕಡ್ಡಿಯ ಹಿಡಿ ಚಕ್ರದ ಕಡೆಗೆ. ಎರಡು ಕವಲುಗಳ ತುದಿಗಳು ಕಾರಿನ ಒಡಲ ಕಡೆಗೆ. ಹಿಡಿಯ ತುದಿಯಲ್ಲಿ ಗುಂಡಿನಾಕಾರದ ಬಾಲ್ ಜಾಯಿಂಟ್ ಇದೆ. ಕವಲುಗಳ ತುದಿಗೆ ಒಂದೊಂದರಂತೆ ಎರಡು ಬುಷ್ಷುಗಳಿವೆ.

ಬುಷ್ಷಿನ ರಚನೆ ಬಹು ಸರಳ. ಒಂದರೊಳಗೊಂದು ಇಟ್ಟ ಎರಡು ಉಕ್ಕಿನ ಕೊಳವೆಗಳು. ಅವುಗಳ ನಡುವಣ ತೆರಪಿನಲ್ಲಿ ರಬ್ಬರು. ರಬ್ಬರು ಎರಡು ಕೊಳವೆಗಳಿಗೂ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಹೊರಗಿನ ಕೊಳವೆಯನ್ನು ತೋಳಿನ ರಂಧ್ರಕ್ಕೆ ಒತ್ತಿ ಕೂರಿಸಿರುವುದರಿಂದ ಅದು ತೋಳಿನೊಡನೆ ಏಕವಾಗಿದೆ. ಒಳಗಿನ ಕೊಳವೆಯ ಮೂಲಕ ಒಂದು ದಪ್ಪ ಬೋಲ್ಟು ಹಾಯ್ದು, ಅದನ್ನು ಕಾರಿನ ಒಡಲಿಗೆ ಬಿಗಿದು ಅದುಮಿರುವುದರಿಂದ ಅದು ಒಡಲಿನೊಡನೆ ಏಕವಾಗಿದೆ. ಹೀಗಿರಲು ತೋಳು ಮೇಲೆ ಕೆಳಗೆ ತೂಗಾಡುವುದು ಹೇಗೆ? ಬಾಗಿಲಿನ ಕೀಲಿನಲ್ಲಿ ಒಂದು ಲೋಹ ಇನ್ನೊಂದರ ಮೇಲೆ ಜಾರುವಂತೆ ಇಲ್ಲಿಯೂ ಏನೋ ಜಾರುತ್ತದೆಂದು ಭಾವಿಸುವವರು ಬಹಳ ಮಂದಿ. ಇಲ್ಲಿ ಯಾವುದೂ ಜಾರುವುದಿಲ್ಲ. ಇಡೀ ಚಲನೆ ರಬ್ಬರಿನ ಒಡಲೊಳಗೆ, ಅದರ ತಿರುಚಿನಿಂದಲೇ ನಡೆಯುತ್ತದೆ. ಆದಕಾರಣ ಈ ಬುಷ್ಷು ಬೇರಿಂಗ್ ಅಲ್ಲ; ತಿರುಚುವ ಒಂದು ಸ್ಪ್ರಿಂಗು. ಇದಕ್ಕೆ ಗ್ರೀಸು ಬೇಕಿಲ್ಲದಿರುವುದೂ ಇದೇ ಕಾರಣದಿಂದ.

ಒಂದೇ ರಬ್ಬರಿನ ತುಂಡು ತಿರುಚಿಗೆ ಮೆದುವಾಗಿಯೂ ಒತ್ತಡಕ್ಕೆ ಬಿರುಸಾಗಿಯೂ ಇರುವುದು ಹೇಗೆಂದು ವಾಚಕರು ಕೇಳಬಹುದು. ರಬ್ಬರಿನ ವಿಶೇಷವೇ ಇದರಲ್ಲಿದೆ. ಎಳೆದರೆ ಸುಲಭವಾಗಿ ಹಿಗ್ಗುವ ಈ ವಸ್ತುವಿನ ಗಾತ್ರವನ್ನು ಕುಗ್ಗಿಸುವುದು ಮಾತ್ರ ನೀರನ್ನು ಕುಗ್ಗಿಸುವಷ್ಟೇ ಪ್ರಯಾಸದ ಕೆಲಸ. ಆಕಾರವನ್ನು ಬದಲಿಸುವುದಕ್ಕೆ ಅದು ಒಡ್ಡುವ ವಿರೋಧಕ್ಕಿಂತ ಗಾತ್ರವನ್ನು ಬದಲಿಸುವುದಕ್ಕೆ ಒಡ್ಡುವ ವಿರೋಧವು ಸಾವಿರ ಪಟ್ಟಿಗೂ ಮಿಗಿಲು. ಇಸ್ಪೀಟಿನ ಎಲೆಗಳ ಕಟ್ಟನ್ನು ಪಕ್ಕಕ್ಕೆ ಓರೆಮಾಡಿದಾಗ ಅದರ ಗಾತ್ರ ಬದಲಾಗುವುದಿಲ್ಲವಷ್ಟೆ. ತಿರುಚಿನಲ್ಲಿ ರಬ್ಬರಿನ ಪದರಗಳು ಹಾಗೆಯೇ ಓರೆಯಾಗುತ್ತವೆ. ಆದುದರಿಂದ ತಿರುಚು ಸುಲಭ. ಆದರೆ ಬೋಲ್ಟಿಗೆ ಅಡ್ಡಲಾಗಿ ಒತ್ತಿದಾಗ ರಬ್ಬರು ಎಲ್ಲಿಗಾದರೂ ಸರಿಯಬೇಕು. ಎರಡು ಉಕ್ಕಿನ ಗೋಡೆಗಳ ನಡುವೆ ಸಿಕ್ಕಿರುವ ಅದಕ್ಕೆ ತುದಿಗಳ ಕಿರಿದಾದ ಸಂದಿನಲ್ಲಿ ಉಬ್ಬುವುದೊಂದೇ ದಾರಿ. ಅದರಿಂದ ಅದು ಬಿರುಸಾಗಿ ನಿಲ್ಲುತ್ತದೆ. ಎಷ್ಟು ಬಲವನ್ನು ತಡೆಯಬೇಕೆಂಬುದಕ್ಕೆ ಒಂದು ಲೆಕ್ಕವನ್ನು ನೋಡೋಣ. 1000 ಕಿಲೊಗ್ರಾಂ ರಾಶಿಯ ಕಾರು ಸೆಕೆಂಡಿಗೆ ಸೆಕೆಂಡಿಗೆ 6 ಮೀಟರಿನಂತೆ ವೇಗ ತಗ್ಗಿಸಿಕೊಳ್ಳುವಾಗ ಒಟ್ಟು ಬ್ರೇಕು ಬಲ 6000 ನ್ಯೂಟನ್. ಅದರ ನೂರಕ್ಕೆ ಎಪ್ಪತ್ತು ಪಾಲು ಮುಂಚಕ್ರಗಳಿಗೆ ಬೀಳುವುದೆಂದರೆ ಚಕ್ರವೊಂದಕ್ಕೆ 2100 ನ್ಯೂಟನ್; ಇನ್ನೂರು ಕಿಲೊಗ್ರಾಮಿಗೂ ಹೆಚ್ಚಿನ ತೂಕ! ಬ್ರೇಕನ್ನು ತುಳಿದ ಪ್ರತಿಬಾರಿಯೂ ಈ ಬಲವು ಕೆಳತೋಳಿನ ಮೂಲಕ ಬುಷ್ಷುಗಳಿಗೆ ಮುಟ್ಟುತ್ತದೆ.

ಇಂಥ ರಬ್ಬರು ಹಾಳಾಗುವುದೇಕೆ? ಗಂಧಕದೊಡನೆ ಕಾಯಿಸಿ ರಬ್ಬರನ್ನು ಬಾಳಿಕೆಗೆ ತಂದ ಚಾರ್ಲ್ಸ್ ಗುಡ್‌ಇಯರನ 1839ರ ಶೋಧವು, ಅದರ ಉದ್ದನೆಯ ಅಣುಸರಪಳಿಗಳನ್ನು ಅಲ್ಲಲ್ಲಿ ಒಂದಕ್ಕೊಂದು ಬೆಸೆಯಿತು. ಆದರೆ ಸಹಜ ರಬ್ಬರಿನ ಸರಪಳಿಯಲ್ಲಿ ದ್ವಿಬಂಧಗಳು ಉಳಿದೇ ಇವೆ. ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಓಜೋನು ಆ ಬಂಧಗಳನ್ನೇ ಕಡಿಯುತ್ತದೆ. ರಬ್ಬರು ಎಳೆತದಲ್ಲಿ ಇರುವಾಗಲಂತೂ ಕಡಿತವು ಬಿರುಕಾಗಿ ಬಾಯಿ ತೆರೆಯುತ್ತದೆ. ಎಂಜಿನ್ನಿನಿಂದ ಸೋರಿದ ಎಣ್ಣೆಯು ರಬ್ಬರಿನೊಳಗೆ ಇಂಗಿ ಅದನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಇವುಗಳ ಮೇಲೆ ಲಕ್ಷಾಂತರ ಸಲದ ತಿರುಚಿನ ದಣಿವು ಬೇರೆ. ಕಡೆಗೆ ರಬ್ಬರು ಹರಿಯುತ್ತದೆ, ಇಲ್ಲವೆ ಉಕ್ಕಿನಿಂದ ಕಿತ್ತು ಬರುತ್ತದೆ.

ಅದರ ಪರಿಣಾಮ ಏನು? ಹಳ್ಳದಲ್ಲಿ ಇಳಿದಾಗ ಮುಂಭಾಗದಲ್ಲಿ ಕೇಳುವ ‘ಟಕ್’ ಎಂಬ ಸದ್ದನ್ನು ಸಹಿಸಿಕೊಂಡು ಹೋಗುವವರುಂಟು. ಸದ್ದು ನಿಜವಾಗಿ ಚಿಕ್ಕ ದೋಷ. ತೋಳು ಸಡಿಲಗೊಂಡು ಬಾಲ್ ಜಾಯಿಂಟು 2 ಮಿಲಿಮೀಟರು ಪಕ್ಕಕ್ಕೆ ಸರಿಯಿತೆನ್ನೋಣ. ಸ್ಟೀರಿಂಗಿನ ಸಲಾಕೆಯು ಚಕ್ರವನ್ನು ಅಲ್ಲಿಂದ 120 ಮಿಲಿಮೀಟರು ದೂರದಲ್ಲಿ ಹಿಡಿದಿದ್ದು, ಅದು ಸರಿಯದೆ ನಿಂತರೆ, ಚಕ್ರವು ಸುಮಾರು 1 ಡಿಗ್ರಿಯಷ್ಟು ತಾನಾಗಿಯೇ ಹೊರಳುತ್ತದೆ. ಚಾಲಕನು ಸ್ಟೀರಿಂಗನ್ನು ಮುಟ್ಟದೆಯೇ ಹೊರಳುತ್ತದೆಂಬುದನ್ನು ಗಮನಿಸಬೇಕು. ಜೋರಾಗಿ ಬ್ರೇಕು ಹಾಕಿದ ಕ್ಷಣದಲ್ಲಿ ಕಾರು ಒಂದು ಮಗ್ಗುಲಿಗೆ ಎಳೆಯುವುದು ಹೀಗೆ. ಟೈರಿನ ನಷ್ಟವೂ ಸಾಮಾನ್ಯವಲ್ಲ. ತಾನು ಸಾಗುವ ದಿಕ್ಕಿಗೆ 1 ಡಿಗ್ರಿ ಓರೆಯಾಗಿ ಉರುಳುವ ಚಕ್ರವು ಪ್ರತಿ ಕಿಲೊಮೀಟರಿಗೆ 17 ಮೀಟರಿನಷ್ಟು ರಸ್ತೆಗೆ ಅಡ್ಡಲಾಗಿ ಉಜ್ಜಿದಂತಾಗುತ್ತದೆ.

ಪರೀಕ್ಷಿಸುವಾಗ ತೋಳು ಮತ್ತು ಒಡಲಿನ ನಡುವೆ ಸಲಾಕೆಯಿಟ್ಟು ಮೀಟಿ ನೋಡುತ್ತಾರೆ. ರಬ್ಬರಿನ ಮೈಮೇಲೆ ಕೂದಲಿನಂತಹ ಗೆರೆಗಳು ಕಂಡಮಾತ್ರಕ್ಕೆ ಬುಷ್ಷು ಕೆಟ್ಟಿತೆಂದು ತೀರ್ಮಾನಿಸಬೇಕಾಗಿಲ್ಲ. ಲೋಹದಿಂದ ರಬ್ಬರು ಬೇರ್ಪಟ್ಟಿದ್ದರೆ ಅನುಮಾನವೇ ಬೇಡ. ಹಿಂಬದಿಯ ಬುಷ್ಷಿನಲ್ಲಿ ಹಲವು ವೇಳೆ ಬಾಳೆಹಣ್ಣಿನಾಕಾರದ ಎರಡು ಖಾಲಿ ಜಾಗಗಳಿರುತ್ತವೆ. ಅವು ಸವೆತವಲ್ಲ, ಒಂದು ದಿಕ್ಕಿನಲ್ಲಿ ಮಾತ್ರ ಬುಷ್ಷನ್ನು ಮೆದುವಾಗಿಸಲು ತಯಾರಕರೇ ಬಿಟ್ಟವು. ಹೊಸದನ್ನು ಕೂರಿಸುವಾಗ ಆ ಖಾಲಿ ಜಾಗಗಳು ಮೊದಲಿದ್ದ ದಿಕ್ಕಿಗೇ ಇರಬೇಕಾದುದರಿಂದ, ಹಳೆಯದನ್ನು ತೆಗೆಯುವ ಮುನ್ನ ತೋಳಿನ ಮೇಲೆ ಗುರುತು ಹಾಕಿಕೊಳ್ಳುವುದು ಅಗತ್ಯ.

ಕೆಲಸಕ್ಕೆ ತೊಡಗುವ ಮೊದಲು ಕಾರನ್ನು ಸಮನೆಲದ ಮೇಲೆ ಎತ್ತಿ, ಒಡಲಿನ ಕೆಳಗೆ ಭದ್ರವಾದ ಸ್ಟ್ಯಾಂಡುಗಳನ್ನು ಇಡಬೇಕು. ಜಾಕನ್ನು ಮಾತ್ರ ನಂಬಿ ಕಾರಿನಡಿಗೆ ತಲೆಯೊಡ್ಡುವುದು ಪ್ರಾಣಕ್ಕೆ ಸಂಚಕಾರ. ಸ್ಟ್ರಟ್ ಇರುವ ಕಾರಿನಲ್ಲಿ ಕೆಳತೋಳನ್ನು ಬಿಚ್ಚಿದರೂ ಸ್ಪ್ರಿಂಗು ಸ್ಟ್ರಟ್ಟಿನಲ್ಲಿಯೇ ಬಂದಿಯಾಗಿರುತ್ತದೆ. ಆದರೆ ಸ್ಪ್ರಿಂಗು ನೇರವಾಗಿ ಕೆಳತೋಳಿನ ಮೇಲೆಯೇ ಕುಳಿತಿರುವ ಬೇರೊಂದು ಜಾತಿಯ ಕಾರುಗಳೂ ಉಂಟು. 4000 ನ್ಯೂಟನ್ ಬಲದಿಂದ 150 ಮಿಲಿಮೀಟರು ಅದುಮಿಟ್ಟ ಸ್ಪ್ರಿಂಗಿನಲ್ಲಿ 300 ಜೂಲ್ ಶಕ್ತಿ ಅಡಗಿರುತ್ತದೆ. 15 ಕಿಲೊಗ್ರಾಮಿನ ಕಲ್ಲು ಎರಡಾಳೆತ್ತರದಲ್ಲಲ್ಲ, 2 ಮೀಟರು ಮೇಲಿನಿಂದ ತಲೆಯ ಮೇಲೆ ಬಿದ್ದರೆ ಆಗುವಷ್ಟು. ಅಂಥ ತೋಳನ್ನು ಸ್ಪ್ರಿಂಗು ಹಿಡಿಯುವ ತಕ್ಕ ಉಪಕರಣವಿಲ್ಲದೆ ಯಾರೂ ಬಿಚ್ಚಕೂಡದು.

ತೋಳನ್ನು ಹೊರತೆಗೆದ ಮೇಲೆ ಹಳೆಯ ಬುಷ್ಷನ್ನು ಪ್ರೆಸ್ಸಿನಲ್ಲಿ ಒತ್ತಿ ತೆಗೆಯುವುದು ಉತ್ತಮ ಕ್ರಮ. ಪ್ರೆಸ್ಸು ಇಲ್ಲದ ಕಡೆ ಜಾಣ ಮೇಸ್ತ್ರಿಗಳು ಉದ್ದನೆಯ ಬೋಲ್ಟು, ನಟ್ಟು, ವಾಷರುಗಳು ಮತ್ತು ಒಂದು ತುಂಡು ಕೊಳವೆಯಿಂದಲೇ ಕಾರ್ಯ ಸಾಧಿಸುತ್ತಾರೆ. ಇದು ನಮಗೆ ಬಹಳ ಪ್ರಿಯವಾದ ಉದಾಹರಣೆ. 300 ಮಿಲಿಮೀಟರಿನ ಸ್ಪ್ಯಾನರಿನ ತುದಿಯನ್ನು 200 ನ್ಯೂಟನ್ ಬಲದಿಂದ ಒಂದು ಸುತ್ತು ತಿರುಗಿಸಿದರೆ ಸುಮಾರು 377 ಜೂಲ್ ಕೆಲಸ ನಡೆಯುತ್ತದೆ. ಅಷ್ಟರಲ್ಲಿ ನಟ್ಟು ಮುಂದೆ ಸರಿಯುವುದು 1.75 ಮಿಲಿಮೀಟರು ಮಾತ್ರ. ಘರ್ಷಣೆಯೇ ಇಲ್ಲದಿದ್ದರೆ ಬಲವು ಎರಡು ಲಕ್ಷ ನ್ಯೂಟನ್ನಿಗೂ ಮೀರುತ್ತಿತ್ತು. ಎಂಟರಲ್ಲಿ ಏಳು ಪಾಲನ್ನು ಘರ್ಷಣೆಯೇ ನುಂಗಿದರೂ ಉಳಿಯುವುದು ಎರಡೂವರೆ ಟನ್ ತೂಕದಷ್ಟು. ಕೆಲವರು ಹಳೆಯ ರಬ್ಬರನ್ನು ಬೆಂಕಿಯಿಂದ ಸುಟ್ಟು ತೆಗೆಯುತ್ತಾರೆ. ಅದರ ಹೊಗೆ ವಿಷಕರ. ನಮಗೆ ಆ ಕ್ರಮ ಸಮ್ಮತವಲ್ಲ. ಹೊಸ ಬುಷ್ಷನ್ನು ಮಂಜುಪೆಟ್ಟಿಗೆಯಲ್ಲಿಟ್ಟು ಕುಗ್ಗಿಸುವ ಉಪಾಯವನ್ನೂ ಹೇಳುವುದುಂಟು. 32 ಮಿಲಿಮೀಟರು ವ್ಯಾಸದ ಉಕ್ಕು 40 ಡಿಗ್ರಿ ತಣಿದರೆ ಕುಗ್ಗುವುದು ಒಂದು ಮಿಲಿಮೀಟರಿನ ನೂರರಲ್ಲಿ ಒಂದೂವರೆ ಪಾಲು; ಅದರಿಂದ ಹೆಚ್ಚಿನ ಪ್ರಯೋಜನವನ್ನು ನಿರೀಕ್ಷಿಸಲಾಗದು. ಒತ್ತುವಾಗ ಬಲವನ್ನು ಹೊರಗಿನ ಕೊಳವೆಯ ಅಂಚಿನ ಮೇಲೆಯೇ ಹಾಕಬೇಕು, ಒಳಕೊಳವೆಯ ಮೇಲೆ ಹಾಕಿದರೆ ಹೊಸ ರಬ್ಬರು ಕೂರುವ ಮೊದಲೇ ಹರಿದೀತು. ಜಾರುವಿಕೆಗೆ ಎಣ್ಣೆಯ ಬದಲು ಸಾಬೂನಿನ ನೀರನ್ನು ಸವರಬೇಕು.

ಇನ್ನು ಕಡೆಯ ಹೆಜ್ಜೆ. ತೋಳನ್ನು ಸ್ವಸ್ಥಾನದಲ್ಲಿಟ್ಟು ಬೋಲ್ಟುಗಳನ್ನು ತೂರಿಸಿದ್ದಾಯಿತು. ಕಾರು ಇನ್ನೂ ಸ್ಟ್ಯಾಂಡುಗಳ ಮೇಲಿದೆ, ತೋಳು ಕೆಳಕ್ಕೆ ಜೋತುಬಿದ್ದಿದೆ. ಕೈಗೆ ಸ್ಪ್ಯಾನರು ಎಟುಕುವ ಈ ಅನುಕೂಲದ ಸ್ಥಿತಿಯಲ್ಲಿಯೇ ಬೋಲ್ಟನ್ನು ಪೂರ್ತಿ ಬಿಗಿದುಬಿಟ್ಟರೆ ಏನಾಗುತ್ತದೆ? ಒಳಕೊಳವೆ ಆ ಸ್ಥಾನದಲ್ಲಿಯೇ ಬಂದಿಯಾಗುತ್ತದೆ. ತೋಳಿನ ಉದ್ದ 300 ಮಿಲಿಮೀಟರೆಂದೂ, ಕಾರು ನೆಲಕ್ಕಿಳಿದಾಗ ಅದರ ತುದಿ 80 ಮಿಲಿಮೀಟರು ಮೇಲೇರುವುದೆಂದೂ ಇಟ್ಟುಕೊಂಡರೆ, ಸುಮ್ಮನೆ ನಿಂತಿರುವಾಗಲೇ ರಬ್ಬರು 15 ಡಿಗ್ರಿಗೂ ಹೆಚ್ಚು ತಿರುಚಿಕೊಂಡಿರುತ್ತದೆ. ಚಲಿಸುವಾಗ ಚಕ್ರವು ದಿಣ್ಣೆಯೊಂದನ್ನು ಹತ್ತಿ ಇನ್ನೂ 60 ಮಿಲಿಮೀಟರು ಏರಿದರೆ ತಿರುಚು 27 ಡಿಗ್ರಿ. ನಿಂತ ಎತ್ತರದಲ್ಲಿಯೇ ಬಿಗಿದಿದ್ದರೆ ಅದೇ ದಿಣ್ಣೆಗೆ ಹನ್ನೊಂದೂವರೆ ಡಿಗ್ರಿ ಮಾತ್ರ ಆಗುತ್ತಿತ್ತು. ರಬ್ಬರಿನೊಳಗೆ ಈ ತಿರುಚು ಸಮನಾಗಿ ಹಂಚಿಹೋಗುವುದೂ ಇಲ್ಲ. ಓರೆಯಾಗುವ ಪ್ರಮಾಣವು ಕೇಂದ್ರದಿಂದಿರುವ ದೂರದ ವರ್ಗಕ್ಕೆ ವಿಲೋಮವಾಗಿರುತ್ತದೆ. ಹೊರಕೊಳವೆಯ ತ್ರಿಜ್ಯವು ಒಳಕೊಳವೆಯ ತ್ರಿಜ್ಯದ ಎರಡರಷ್ಟಿದ್ದರೆ, ಒಳಕೊಳವೆಯ ಬಳಿಯ ರಬ್ಬರು ಹೊರಗಿನದರ ನಾಲ್ಕರಷ್ಟು ಪೀಡನೆಗೆ ಗುರಿಯಾಗುತ್ತದೆ. ಹಗಲಿರುಳೂ ಎಳೆತದಲ್ಲಿ ನಿಂತ ಆ ರಬ್ಬರನ್ನು ಓಜೋನು ಹುಡುಕಿಕೊಂಡು ಬಂದಂತೆ ಕಡಿಯುತ್ತದೆ.

ಆದುದರಿಂದ ಬೋಲ್ಟುಗಳನ್ನು ಮೊದಲು ಕೈಬಿಗಿತಕ್ಕೆ ಬಿಟ್ಟು, ಕಾರನ್ನು ಚಕ್ರಗಳ ಮೇಲೆ ಇಳಿಸಿ, ಒಡಲನ್ನು ಒಂದೆರಡು ಸಲ ಒತ್ತಿ ಬಿಟ್ಟು, ಅದು ತನ್ನ ಸಹಜ ಎತ್ತರದಲ್ಲಿ ನಿಂತ ಬಳಿಕವೇ ಕೈಪಿಡಿಯಲ್ಲಿ ಹೇಳಿದ ಟಾರ್ಕಿಗೆ ಬಿಗಿಯಬೇಕು. ಕಾರಿನಡಿಯಲ್ಲಿ ಕೈಯಾಡಲು ಎಡೆಯಿಲ್ಲದಿದ್ದರೆ ಇಳಿಜಾರು ಹಲಗೆಗಳ ಮೇಲೆ ಚಕ್ರಗಳನ್ನು ಹತ್ತಿಸಿ ನಿಲ್ಲಿಸುವುದುಂಟು; ಆಗ ಹಿಂಚಕ್ರಗಳಿಗೆ ಅಡ್ಡಗಟ್ಟೆ ಇಡಬೇಕು. ಒಂದು ಮಗ್ಗುಲಿನ ಬುಷ್ಷು ಮಾತ್ರ ಹರಿದಿದ್ದರೂ ಎರಡು ಮಗ್ಗುಲಿನವನ್ನೂ ಒಟ್ಟಿಗೆ ಬದಲಾಯಿಸುವುದು ಲೇಸು. ಎಡಬಲಗಳ ಬಿರುಸು ಬೇರೆಬೇರೆಯಾದರೆ ಬ್ರೇಕಿನಲ್ಲಿ ಕಾರು ಮತ್ತೆ ಓರೆಗೆ ಎಳೆಯಬಹುದು. ಇದಾದ ಮೇಲೆ ಚಕ್ರಗಳ ಅಲೈನ್‌ಮೆಂಟನ್ನು ಅಳೆಯಿಸಬೇಕು. ಹಳೆಯ ಬುಷ್ಷಿನ ಸಡಿಲಿಗೆ ಸರಿಹೊಂದುವಂತೆ ಹಿಂದೆ ಯಾರಾದರೂ ಅದನ್ನು ತಿದ್ದಿದ್ದರೆ, ಹೊಸ ಬುಷ್ಷಿಗೆ ಆ ತಿದ್ದುಪಡಿಯೇ ತಪ್ಪಾಗಿರುತ್ತದೆ.